ನೀಲಿ ದಾರದ ಎಲೆ

೧೮ ಆಗಸ್ಟ್ ೨೦೦೩, ಶಿವಮೊಗ್ಗ

ಎಲೆಯ ಡಿಎನ್ಎ ಪರೀಕ್ಷೆಗೆ ಮತ್ತೆ ಜೆಲ್ ಓಡಿಸಿದೆ. ಮತ್ತೆ ಅದೇ ಮಸುಕು, ಜೀನಿನ ಗೆರೆ ಮೂಡಲಿಲ್ಲ. ಹಿಮಾಚಲದ ಯೂ ಮರ, ಅರುಣಾಚಲದ ಯೂ ಮರ — ಒಂದೇ ಕುಲ. ಕ್ಯಾನ್ಸರ್ ಔಷಧಿ ಮಾಡುವ ಜೀನ್ ಎರಡರಲ್ಲೂ ಇದೆ. ಹಾಗಿದ್ದರೂ ಅರುಣಾಚಲದ್ದರಲ್ಲಿ ಔಷಧಿ ಯಾಕೆ ಜಾಸ್ತಿ? ಎರಡು ವರ್ಷದಿಂದ ನನ್ನ ಥೀಸಿಸ್ ಇಷ್ಟೇ. ಸಾಕಾಗಿ ಹೋಗಿದೆ.

ಗೈಡ್ ವಿಶ್ವಾರಾಧ್ಯ ಸರ್ ಇಣುಕಿದರು. "ಇನ್ನೊಂದ್ಸಲ ಮಾಡಮ್ಮ." ಅವರಿಗೆ ಬೇರೆ ಮಾತೇ ಬರುವುದಿಲ್ಲ.

೨೩ ಆಗಸ್ಟ್, ಭದ್ರಾವತಿ

ಲ್ಯಾಬ್ ಫ್ರೀಜರ್‌ನ ಸ್ಟೆಬಿಲೈಸರ್ ಸುಟ್ಟಿದೆ. "ನಿಮ್ಮದು ಫ್ಯಾಕ್ಟರಿ ಕ್ವಾರ್ಟರ್ಸ್ ಅಲ್ವಾ ತನುಜಾ? ಅಲ್ಲಿ ಕರೆಂಟ್ ಹೋಗಲ್ಲ," ಅಂದರು ಸರ್. ಎಲೆಗಳನ್ನು ಐಸ್ ಫ್ಲಾಸ್ಕಿನಲ್ಲಿಟ್ಟು ಬಸ್ಸಲ್ಲಿ ನಿಂತೇ ಬಂದೆ. ಹಿಮಾಚಲದ ಪೊಟ್ಟಣಕ್ಕೆ ಕೆಂಪು ದಾರ, ಅರುಣಾಚಲದ್ದಕ್ಕೆ ನೀಲಿ. ಎರಡೂ ಮನೆ ಫ್ರಿಜ್ಜಿಗೆ.

ನನ್ನ ಅಕ್ಕ, ಜಯಕ್ಕ, ಗೋಡೆ ಕಡೆ ತಿರುಗಿ ಮಲಗಿದ್ದಳು. ಕ್ಯಾನ್ಸರಿಗೆ ಮೂರನೇ ಡ್ರಿಪ್ ಆಯಿತು. ಅದರಲ್ಲಿ ಹೋಗುವುದೂ ಈ ಮರದ ಔಷಧಿಯೇ. ಗಡ್ಡೆ ಮಾತ್ರ ಕರಗಿಲ್ಲವಂತೆ.

"ನಿನ್ನ ಮರಕ್ಕೆ ಸ್ವಲ್ಪ ಬುದ್ಧಿ ಹೇಳೇ ಮಾರಾಯ್ತಿ," ಅಂದಳು. ನಗು ಬಂತು. ಆಮೇಲೆ ಅಳು.

ಅಮ್ಮ ಕೇಳಿದಳು — "ಎರಡ್ರಲ್ಲಿ ಔಷಧಿ ಜಾಸ್ತಿ ಇರೋದು ಯಾವುದು ಕಣೇ?"

"ನೀಲಿ ದಾರದ್ದು." ಕಣ್ಣು ಎಳೆಯುತ್ತಿತ್ತು. ಅಷ್ಟು ಹೇಳಿ ಮಲಗಿದೆ.

೫ ಸೆಪ್ಟೆಂಬರ್, ಶಿವಮೊಗ್ಗ

ಜೆಲ್‌ನಲ್ಲಿ ಗೆರೆ, ಬ್ಯಾಂಡ್, ಬಂತು! ಎರಡೂ ಮರಗಳದ್ದು, ಸ್ಪಷ್ಟವಾಗಿ. ಸರ್ ಕಾಫಿ ತರಿಸಿದರು. ನನಗೆ ಖುಷಿಪಡುವಷ್ಟೂ ತ್ರಾಣವಿಲ್ಲ. ಭಾನುವಾರ ಊರಿಗೆ ಹೋಗಿ ಮನೆ ಫ್ರಿಜ್ಜಿನಿಂದ ಇನ್ನಷ್ಟು ಎಲೆ ತರಬೇಕು.

೭ ಸೆಪ್ಟೆಂಬರ್, ಮಧ್ಯಾಹ್ನ, ಆಸ್ಪತ್ರೆ

ಬರೆಯದಿದ್ದರೆ ತಲೆ ಕೆಡುತ್ತದೆ.

ಬೆಳಿಗ್ಗೆ ಮನೆಗೆ ಬಂದು ನೋಡಿದರೆ ಫ್ರಿಜ್ಜಿನಲ್ಲಿ ಕೆಂಪು ದಾರದ್ದು ಮಾತ್ರ ಇತ್ತು. ಒಲೆಯ ಮೇಲೆ ಕಷಾಯ. ಮೆಣಸು, ಜೀರಿಗೆ, ಬೆಲ್ಲ... ತಳದಲ್ಲಿ ನನ್ನ ಎಲೆ.

ಜಯಕ್ಕನ ಹತ್ತಿರ ಓಡಿದೆ. "ಕುಡಿದ್ಯಾ?"

"ಏನನ್ನೇ?"

ಅಬ್ಬಾ, ಬದುಕಿದೆ ಅಂದುಕೊಂಡೆ. ಅಮ್ಮ ಹಿತ್ತಿಲ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೈಯೆಲ್ಲ ಬೆವರು.

"ಅವಳಿಗೆ ಕೊಡೋಕ್ ಮುಂಚೆ ನಾನೇ ಒಂದು ಲೋಟ ಕುಡಿದು ನೋಡ್ದೆ ಕಣೇ. ಹೆಚ್ಚು ಕಮ್ಮಿ ಆದ್ರೆ ನಂಗೇ ಆಗ್ಲಿ ಅಂತ. ಕಣ್ಣು ಕತ್ತಲೆ ಬರ್ತಿದೆ."

ಔಷಧಿ ಬೇರೆ, ಎಲೆ ಬೇರೆ. ಎಲೆಯ ವಿಷ ಕುದಿಸಿದರೂ ಹೋಗದು, ಹೃದಯವನ್ನೇ ನಿಲ್ಲಿಸುತ್ತದೆ. ನನಗೆ ಗೊತ್ತಿತ್ತು. ಅಮ್ಮನಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಅಮ್ಮನನ್ನು ಇಲ್ಲಿಗೆ ತಂದು ಸೇರಿಸಿದ ಮೇಲೆ ಡಾಕ್ಟರು ಕೇಳಿದರು, "ನೀವೇ ರಿಸರ್ಚ್ ಮಾಡೋದಲ್ವಾ? ಈ ಎಲೇಲಿ ವಿಷ ಎಷ್ಟಿರುತ್ತೆ?"

ಎರಡು ವರ್ಷ ಎರಡು ಮರಗಳ ಔಷಧಿಯನ್ನೇ ಹೋಲಿಸಿದೆ. ವಿಷ ಯಾವುದರಲ್ಲಿ ಎಷ್ಟು ಅಂತ ಒಂದು ಸಲವೂ ನೋಡಿಲ್ಲ. ಗೊತ್ತಿಲ್ಲ ಸರ್ ಅಂದೆ. ನಾಚಿಕೆಗಿಂತ ಭಯ.

ಜಯಕ್ಕ ತಲೆಗೆ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲೇ ಕೂತಿದ್ದಾಳೆ. ನನ್ನ ಮೊಣಕೈ ಬಿಟ್ಟಿಲ್ಲ. "ಅಮ್ಮಂಗೇನೂ ಆಗಲ್ಲ, ಸುಮ್ನಿರೇ," ಅನ್ನುತ್ತಾಳೆ. ಬಾಗಿಲ ಸಂದಿಯಿಂದ ಅಮ್ಮನ ಎದೆಬಡಿತದ ಮೆಷಿನ್ನಿನ ಟಿಕ್ ಟಿಕ್ ಕೇಳಿಸುತ್ತಿದೆ. ಅದು ಕೇಳಿಸುತ್ತಿರುವವರೆಗೆ ಬರೆಯುತ್ತೇನೆ. ಈಗ ಸ್ವಲ್ಪ ನಿಧಾನ... ಈಗ