ಪೂಜೆಗಿಟ್ಟ ಮಚ್ಚು

ಭಾನುವಾರ, 14 ಆಗಸ್ಟ್ 2005. ಸಂಜೆ.

ಗುಬ್ಬಿಯ ಸಮುದಾಯ ಭವನದಲ್ಲಿ ಹುಡುಗರ ಮೂರನೇ ವರ್ಕ್‌ಶಾಪ್ ಮುಗಿಯಿತು. ಗುಬ್ಬಿಯಿಂದ ಬರುವ ಬಸ್ಸಿನಲ್ಲಿ ಸೀಟಿಲ್ಲ. ಚಾರ್ಟು, ಸ್ಕೆಚ್ ಪೆನ್ನು, ಮಿಕ್ಕ ಬಿಸ್ಕತ್ತು ಎಲ್ಲ ಹೊತ್ತುಕೊಂಡು ತುಮಕೂರಿನವರೆಗೆ ನಿಂತೇ ಬಂದೆ. ಉಪ್ಪಾರಹಳ್ಳಿಯ ಮನೆಗೆ ಬಂದು ಈಗ ಕಾಲು ಚಾಚಿದ್ದೇನೆ. ಸೋಷಿಯಾಲಜಿ ಲೆಕ್ಚರರ್ ಆಗಿ ಸೇರುವಾಗ ಇದೂ ಕೆಲಸ ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಸೇರುತ್ತಿದ್ದೆ, ಅದು ಬೇರೆ.

ಇವತ್ತಿನ ಪಾಠ — ಕೋಪ ಬಂದಾಗ ಏನು ಮಾಡಬೇಕು. ದೆಹಲಿಯಿಂದ ಬಂದ ಪುಸ್ತಕದಲ್ಲಿದ್ದಂತೆ, ಒಂದರಿಂದ ಹತ್ತು ಎಣಿಸಿ ಅಂದೆ. ಗಂಗರಾಜು ಕೈ ಎತ್ತಿದ. ಹತ್ತಿರದ ಕಡಬದವನು, ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಮಾರುತ್ತಾನೆ.

"ಹತ್ತು ಎಣಿಸೋ ಹೊತ್ಗೆ ಎದುರಿಗಿರೋನು ಎರಡು ಇಕ್ಕಿರ್ತಾನೆ ಮೇಡಂ."

ಹಾಲೆಲ್ಲ ನಗು. ಪಕ್ಕದಲ್ಲಿದ್ದ ಬೋರೇಶ, ಗುಬ್ಬಿಯ ವೆಲ್ಡಿಂಗ್ ಶಾಪಿನವನು, "ಹಂಗಾದ್ರೆ ಐದೇ ಎಣ್ಸು ಬುಡ್ಲಾ" ಅಂತ ಅವನ ಬೆನ್ನಿಗೊಂದು ಗುದ್ದಿದ. ನಾನೂ ನಕ್ಕೆ. ನಗುವವರನ್ನು ತಿದ್ದುವುದು ಸುಲಭ. ಮುಖ ಗಂಟು ಹಾಕಿ ಕೂತವರದ್ದೇ ಕಷ್ಟ.

ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಒಂದಲ್ಲ ಒಂದು ಹೊಡೆದಾಟದಲ್ಲಿ ಠಾಣೆ ಮೆಟ್ಟಿಲು ಹತ್ತಿದವರು. ಎಸ್ಸೈ ಮಲ್ಲಿಕಾರ್ಜುನ್ ಅವರ ಕರಾರು ಸರಳ. ದಸರಾ ಕಳೆಯುವವರೆಗೆ ಪ್ರತಿ ಭಾನುವಾರ ನನ್ನ ಮುಂದೆ ಕೂರಬೇಕು, ಜಗಳಕ್ಕೆ ಹೋಗಕೂಡದು. ಹಾಗಿದ್ದರೆ ರೌಡಿ ಶೀಟ್ ತೆರೆಯುವುದಿಲ್ಲ. ಒಮ್ಮೆ ತೆರೆದರೆ ಮುಗಿಯಿತು. ಕೆಲಸ ಕೊಡುವವರಿಲ್ಲ, ಹೆಣ್ಣು ಕೊಡುವವರಿಲ್ಲ, ಊರಲ್ಲಿ ಕೋಳಿ ಕಳುವಾದರೂ ಇವರನ್ನೇ ಎಳೆದೊಯ್ಯುತ್ತಾರೆ. ಹೋದ ವರ್ಷ ಕುಣಿಗಲ್‌ನಲ್ಲಿ ಮಾಡಿ ತೋರಿಸಿದ್ದೇನೆ. ಗುಬ್ಬಿ ಯಾವ ಮಹಾ.

ಭಾನುವಾರ, 28 ಆಗಸ್ಟ್

ಎಡವಟ್ಟು. ನನ್ನದೇ ಎಡವಟ್ಟು.

ಕುಣಿಗಲ್‌ನಿಂದ ಅಡವಿಯಪ್ಪನವರನ್ನು ಕರೆಸಿದ್ದೆ. ಒಂದು ಕಾಲದಲ್ಲಿ ಹೆಸರು ಕೇಳಿದರೆ ಅಂಗಡಿ ಬಾಗಿಲು ಹಾಕುತ್ತಿದ್ದರಂತೆ. ಕೊಲೆ ಕೇಸಲ್ಲಿ ಜೈಲು ಕಂಡು ಬಂದು ಈಗ ಟೀ ಅಂಗಡಿ ಇಟ್ಟಿದ್ದಾರೆ. ತಾವು ಒಳಗಿದ್ದಾಗ ಹೆಂಡತಿ ತೀರಿಕೊಂಡದ್ದು, ಮಗಳು ಇವತ್ತಿಗೂ ಮಾತಾಡಿಸದಿರುವುದು, ಎಲ್ಲ ಹೇಳಿ ಅತ್ತರು. ನನ್ನ ಕಣ್ಣೂ ಒದ್ದೆ. ಇನ್ನು ಈ ಹುಡುಗರು ಮಚ್ಚಿನ ಕಡೆ ತಿರುಗಿಯೂ ನೋಡಲ್ಲ ಅಂದುಕೊಂಡೆ.

ಮುಗಿದದ್ದೇ ತಡ, ಮುತ್ತಿಕೊಂಡರು. ಫೋಟೋ! ಒಬ್ಬ ಸ್ಟುಡಿಯೋದವನನ್ನೇ ಕರೆತಂದಿದ್ದ. ಇನ್ನೊಬ್ಬ, "ಅಣ್ಣ, ನಿಮ್ಮ ಲಾಂಗು ಎಷ್ಟುದ್ದ ಇತ್ತಣ್ಣ?" ಬೋರೇಶನಂತೂ ಅವರು ಹೆಗಲು ವಾಲಿಸಿ ನಡೆಯುವುದನ್ನು ಆಗಲೇ ಕಲಿತಿದ್ದ.

ಬಸ್ ಹತ್ತಿಸಲು ಹೋದಾಗ ಅಡವಿಯಪ್ಪ ಅಂದರು, "ನನ್ನ ಇನ್ನೊಂದ್ಸಲ ಕರೀಬೇಡಿ ಮೇಡಂ. ನಾನು ಅತ್ರೂ ಇವ್ರಿಗೆ ಸ್ಟೈಲಾಗೇ ಕಾಣ್ತದೆ."

ಸರಿ. ಬಿದ್ದವರೇ ಏಳುವುದು. ಮುಂದಿನ ವಾರದಿಂದ ಕಥೆ ಹೇಳುವುದು ಬಂದ್. ಅವರವರ ಕಸುಬಿನ ಮಾತು ಮಾತ್ರ.

ಬುಧವಾರ, 7 ಸೆಪ್ಟೆಂಬರ್

ಗಣೇಶ ಹಬ್ಬ. ಕಡುಬು ಚೆನ್ನಾಗಿತ್ತು. ಅತ್ತೆ ಹೊಗಳಲಿಲ್ಲ, ಆದರೆ ನಾಲ್ಕು ತಿಂದರು.

ಸೋಮವಾರ, 19 ಸೆಪ್ಟೆಂಬರ್

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ನಿನ್ನೆ ಗುಬ್ಬಿಯಲ್ಲಿ ಗಣಪತಿ ಬಿಟ್ಟರು. ಮೆರವಣಿಗೆಯ ಟೆಂಪೋ ಗಂಗರಾಜುವಿನ ಅಣ್ಣ ರವೀಶನದು. ದಾರಿಯಲ್ಲಿ ಬೋರೇಶನ ಗುಂಪು ನಿಲ್ಲಿಸು ಅಂದಿತು, ಇನ್ನೊಂದು ಹಾಡಿಗೆ ಕುಣಿಯಬೇಕು ಅಂತ. ಕತ್ತಲಾಗುತ್ತೆ ಅಂತ ರವೀಶ ನಿಲ್ಲಿಸಲಿಲ್ಲ. ಅಷ್ಟೇ. ಒಂದು ಹಾಡು. ಕುಣಿಯುವಾಗ ಬೀಸಲೆಂದು ಬೋರೇಶ ಲಾಂಗು ತಂದಿದ್ದ. ಶಾಪಿನಲ್ಲಿ ಜೀಪಿನ ಸ್ಪ್ರಿಂಗ್ ಪ್ಲೇಟು ಮಸೆದು ತಾನೇ ಮಾಡಿದ್ದು. ಕುಡಿದೂ ಇದ್ದ, ಬೀಸಿಯೇ ಬಿಟ್ಟ. ರವೀಶ ಮುಖಕ್ಕೆ ಕೈ ಅಡ್ಡ ಹಿಡಿದ. ಬಲಗೈಯ ಎರಡು ಬೆರಳಿನ ನರ ಕಡಿದಿದೆ.

ತುಮಕೂರು ಆಸ್ಪತ್ರೆಗೆ ಹೋಗಿದ್ದೆ. ಗಂಗರಾಜು ವಾರ್ಡಿನ ಹೊರಗೆ ಕೂತಿದ್ದ. ಮಾತಾಡಿಸಿದೆ. ತಲೆ ಎತ್ತಲಿಲ್ಲ. ಹೊರಡುವಾಗ ಮಾತ್ರ, "ಹತ್ತು ಎಣಿಸ್ದೆ ಮೇಡಂ. ಆಗ್ಲಿಲ್ಲ" ಅಂದ.

ಇಬ್ಬರೂ ನನ್ನ ಹುಡುಗರು. ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು.

ಭಾನುವಾರ, 2 ಅಕ್ಟೋಬರ್

ಗಾಂಧಿ ಜಯಂತಿ. ಬೆಳಿಗ್ಗೆ ಕಾಲೇಜಲ್ಲಿ ಅಹಿಂಸೆಯ ಭಾಷಣ ಮಾಡಿ ನೇರ ಕಡಬಕ್ಕೆ ಹೋದೆ. ಗಂಗರಾಜು ವರ್ಕ್‌ಶಾಪಿಗೆ ಬರುವುದು ಬಿಟ್ಟಿದ್ದಾನೆ. ಬೋರೇಶ ಬೇಲ್ ಮೇಲೆ ಹೊರಗೆ ಬಂದಿದ್ದಾನೆ, ಅವನೂ ಬರುತ್ತಿಲ್ಲ.

ಕೆರೆ ಏರಿ ದಾಟಿದರೆ ಅವರ ಮನೆ. ರವೀಶ ಜಗಲಿಯ ಮೇಲೆ ಬ್ಯಾಂಡೇಜ್ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಸ್ಟೀರಿಂಗ್ ಹಿಡಿಯಲಾಗದು, ಟೆಂಪೋ ನಿಂತಿದೆ. ಹಿತ್ತಲಿನಿಂದ ಕಲ್ಲಿನ ಮೇಲೆ ಕಬ್ಬಿಣ ಉಜ್ಜುವ ಸದ್ದು. ಅವರ ತಾಯಿ ನರಸಿಂಹಮ್ಮ ನನ್ನ ಕೈ ಹಿಡಿದುಕೊಂಡರು.

"ಬೆಳಗಿಂದ ಮಚ್ಚು ಮಸೀತಾವ್ನೆ ಮೇಡಮ್ಮಾರೆ. ಎಳನೀರು ಕೆತ್ತಾಕೆ ಅಷ್ಟೊಂದು ಮಸೆಯಾಕಿಲ್ಲ."

"ಏನಂತೆ ಅವನದು?"

"ಆಯುಧಪೂಜೆ ದಿನ ಅಂತೆ. ಪೂಜೆ ಮಾಡ್ಸಿ, ಅದೇ ಮಚ್ಚು ಎತ್ಕೊಂಡು ಸಂಜೀಗೆ ಬಿದರೆಹಳ್ಳಿ ಕಾವಲ್ ಬಯಲ್ಗೆ ಹೋಯ್ತಾರಂತೆ. ಆ ಬೋರೇಶನ ಕಡೆಯೋರೂ ಬರ್ತೀವಿ ಅಂದವ್ರಂತೆ. ಒಬ್ಬ ಮಗನ ಕೈ ಹೋಯ್ತು. ಇನ್ನೊಬ್ಬ ಜೈಲಿಗೋ ಮಣ್ಣಿಗೋ…"

ಹಿತ್ತಲಿಗೆ ಹೋಗಿ ಮಾತಾಡಿದೆ. ಬೈದೆ. ಬೇಡಿಕೊಂಡೆ ಕೂಡ. ನಾನು ಯಾರನ್ನೂ ಬೇಡುವವಳಲ್ಲ. ಅವನು ಮಚ್ಚಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾ, "ಹಬ್ಬ ಕಳೀಲಿ ಮೇಡಂ, ಆಮೇಲೆ ನೀವು ಹೇಳ್ದಂಗೆ ಕೇಳ್ತೀನಿ" ಅಂದ. ಆಮೇಲೆ ಕೇಳುವುದಕ್ಕೆ ಏನು ಉಳಿದಿರುತ್ತೆ?

ಸೋಮವಾರ, 3 ಅಕ್ಟೋಬರ್

ಎಸ್ಸೈಗೆ ಹೇಳಿದೆ. ಮುಚ್ಚಿಡುವ ವಿಷಯವಲ್ಲ. ಅವರು ನಿಂತ ಕಾಲಲ್ಲೇ, "ಅವತ್ತು ಬೆಳಿಗ್ಗೆನೇ ಎಲ್ಲಾರ್ನೂ ಎತ್ತಾಕ್ಕೊಂಡ್ ಬರ್ತೀನಿ ಮೇಡಂ. ಶೀಟ್ ಓಪನ್ ಮಾಡಿ ಬಿಸಾಕ್ತೀನಿ" ಅಂದರು.

"ಹಬ್ಬದ ದಿನ ಸಂಜೆ ನಾಲ್ಕರವರೆಗೆ ಬಿಡಿ. ಅಷ್ಟರಲ್ಲಿ ನನ್ನ ಕೈಲಿ ಆಗದಿದ್ರೆ ನಿಮ್ಮ ಜೀಪು, ನಿಮ್ಮ ಕಾವಲ್."

ಒಪ್ಪಿದರು. ಏನು ಮಾಡುತ್ತೇನೆ ಅಂತ ಕೇಳಿದರು. ಪ್ಲಾನ್ ಇದೆ ಅಂದೆ. ಇರಲಿಲ್ಲ.

ಸೋಮವಾರ, 10 ಅಕ್ಟೋಬರ್. ಮಧ್ಯಾಹ್ನ.

ಸಿಕ್ಕಿತು!!

ಅಡುಗೆಮನೆಯಲ್ಲಿ ಅತ್ತೆ, ಲಕ್ಷ್ಮೀದೇವಮ್ಮನವರು, ರಾಶಿ ತರಕಾರಿ ಹೆಚ್ಚುತ್ತಾ ಕೂತಿದ್ದರು. ಯಾರಿಗೆ ಇಷ್ಟೊಂದು ಅಂದೆ.

"ನಾಳೀಕೆ. ಈಳಿಗೆಮಣೆ, ಚಾಕು ಎಲ್ಲ ನಾಳೆ ಪೂಜೆಗಿಡಬೇಕಲ್ಲ. ಇಟ್ಟ ಮೇಲೆ ನಾಡಿದ್ದು ಬೆಳಿಗ್ಗೆ ಮತ್ತೆ ಪೂಜೆ ಮಾಡೋಗಂಟ ಎತ್ತಂಗಿಲ್ಲ. ಹೋದ್ವರ್ಷ ನೀನು ನಿಂಬೆಹಣ್ಣು ಕೊಯ್ದು ಏನಾಯ್ತು, ಮರ್ತ್ಯಾ?"

ಮರೆತಿರಲಿಲ್ಲ. ಪೂಜೆಗಿಟ್ಟ ಚಾಕು ಎತ್ತಿ ನಿಂಬೆಹಣ್ಣು ಕೊಯ್ದೆ. ಎಂ.ಎ. ಓದಿದ ಕೊಬ್ಬು. ದೀಪಾವಳಿವರೆಗೆ ನನ್ನ ಜೊತೆ ಮಾತು ಬಿಟ್ಟಿದ್ದರು. ಅವತ್ತೇ ನನ್ನ ಬೆರಳೂ ಕುಯ್ದಿತ್ತು, ಅದನ್ನು ಇಡೀ ಬೀದಿಗೆ ಸಾರಿದ್ದರು.

ನಿಂತಲ್ಲೇ ನಕ್ಕುಬಿಟ್ಟೆ. ಅಯ್ಯೋ ಪೆದ್ದುಮುಂಡೇವಾ! ವರ್ಷದಲ್ಲಿ ಮಚ್ಚು ಎತ್ತಬಾರದ ದಿನ ಅಂತ ಇರುವುದು ಅದೊಂದೇ. ಅದನ್ನೇ ಹುಡುಕಿ ಜಗಳಕ್ಕೆ ಇಟ್ಟುಕೊಂಡಿದ್ದಾರೆ. ಪೂಜೆ ಆದ ಆಯುಧಕ್ಕೆ ಶಕ್ತಿ ಬರುತ್ತೆ ಅನ್ನುವುದು ತಲೆಗೆ ಹೋಗಿದೆ. ಉಳಿದರ್ಧ ಹೇಳುವ ಅಜ್ಜಿಯರ ಮಾತು ಯಾವನು ಕೇಳಿದ?

ಆಗಲೇ ಎಲ್ಲರಿಗೂ ಹೇಳಿ ಕಳಿಸಿದೆ. ನಾಳೆ ಹನ್ನೊಂದಕ್ಕೆ ಸಮುದಾಯ ಭವನದಲ್ಲಿ ಆಯುಧಪೂಜೆ. ಯಾವ ಆಯುಧವಾದರೂ ತನ್ನಿ. ಏನು, ಎತ್ತ ಅಂತ ಯಾರೂ ಕೇಳುವುದಿಲ್ಲ. ಬೋರೇಶನ ಹಳೆಯ ಲಾಂಗು ಠಾಣೆಯಲ್ಲಿದೆ, ಹೊಸದೊಂದು ಮಾಡಿಕೊಂಡಿರುತ್ತಾನೆ; ಅದನ್ನು ವೆಲ್ಡಿಂಗ್ ಶಾಪಿನ ಮಾಲೀಕ ಅಲ್ಲಿ ಪೂಜೆಗಿಡಲು ಬಿಡುತ್ತಾನಾ? ಇಲ್ಲಿಗೇ ಬರುತ್ತಾನೆ. ಗಂಗರಾಜುವನ್ನು ಅವನ ತಾಯಿ ಕರೆತರುತ್ತಾರೆ.

ಅತ್ತೆಯನ್ನು ಕರೆದೊಯ್ಯುತ್ತೇನೆ. ಈ ಮಾತು ನನ್ನ ಬಾಯಲ್ಲಿ ನಡೆಯುವುದಿಲ್ಲ.

ಮಂಗಳವಾರ, 11 ಅಕ್ಟೋಬರ್. ಸಂಜೆ ಏಳು.

ಎಲ್ಲರೂ ಬಂದರು. ಸ್ಪ್ಯಾನರ್, ಕತ್ತರಿ, ಕರಣೆ, ಒಬ್ಬನ ಆಟೋ ಹೊರಗೆ. ನರಸಿಂಹಮ್ಮ ಮಗನನ್ನು ಮುಂದೆ ಬಿಟ್ಟುಕೊಂಡು ಬಂದರು, ಅವನ ಕೈಯಲ್ಲಿ ಮಚ್ಚು. ಹಿಂದೆ ರವೀಶ. ಬೋರೇಶನ ಒಂದು ಕೈಲಿ ವೆಲ್ಡಿಂಗ್ ಹೋಲ್ಡರ್, ಇನ್ನೊಂದು ಕೈಲಿ ಗೋಣಿಯಲ್ಲಿ ಸುತ್ತಿದ್ದು. ಎಸ್ಸೈ ಕಂಡೂ ಕಾಣದಂತೆ ತಮ್ಮ ಲಾಠಿ ತಂದು ಸಾಲಿನಲ್ಲಿಟ್ಟರು. ಗಂಗರಾಜು ಹಾಲಿನ ಆ ತುದಿ, ಬೋರೇಶ ಈ ತುದಿ. ನಡುವೆ ಉಳಿದವರೆಲ್ಲ.

ಅತ್ತೆ ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗಿದರು. ಬಾಗಿಲಲ್ಲಿ ಬೂದುಗುಂಬಳ ಒಡೆಸಿದರು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ತಿರುಗಿ ನಿಂತರು.

"ಕೇಳ್ರಪ್ಪಾ. ನಾಳೆ ಬೆಳಿಗ್ಗೆ ನಾನು ಬಂದು ಮರುಪೂಜೆ ಮಾಡೋಗಂಟ ಇವು ಅಮ್ಮನೋರ ವಶ. ಮಧ್ಯ ಎತ್ತಿದೋನ ಆಯುಧ ಅವನ ಮನೆಯೋರ ಮೇಲೇ ತಿರುಗ್ತದೆ. ನನ್ನ ಸೊಸೆ ಬೆರಳು ನೋಡಿ ಬೇಕಾರೆ."

ನಾನು ಬೆರಳು ಎತ್ತಿ ತೋರಿಸಿದೆ. ಏನು ಮಾಡುವುದು, ತೋರಿಸಿದೆ! ಎಂ.ಎ. ಸೋಷಿಯಾಲಜಿ.

ಬೋರೇಶನ ಬಾಯಿ ತೆರೆದೇ ಇತ್ತು. ಗಂಗರಾಜು ನೇರ ನನ್ನ ಹತ್ತಿರ ಬಂದ. ಕಣ್ಣು ಕೆಂಪು.

"ಇದು ಮೋಸ ಮೇಡಂ."

"ಹೌದು ಕಣೋ. ಮೋಸವೇ."

ಸರಕ್ಕನೆ ತಿರುಗಿ ಮಚ್ಚಿನ ಕಡೆ ಹೋದ. ಬಗ್ಗಿದ. ಕೈ ಹಿಡಿಯ ಹತ್ತಿರ ಹೋಯಿತು. ಎಸ್ಸೈ ಒಂದು ಹೆಜ್ಜೆ ಮುಂದಿಟ್ಟರು, ನಾನು ಬೇಡ ಅಂತ ಕಣ್ಣಲ್ಲೇ ತಡೆದೆ. ನರಸಿಂಹಮ್ಮ ಬೈಯಲಿಲ್ಲ, ಅಳಲೂ ಇಲ್ಲ. "ಎತ್ತಪ್ಪಾ. ಮನೇಲಿ ಇರೋರು ನಾನು, ನಿಮ್ಮಣ್ಣ ಇಬ್ರೇ ತಾನೆ" ಅಂದರು.

ಕೈ ಹಿಂದಕ್ಕೆ ಬಂತು. ಕುಂಕುಮ ಅಂಟಿದ್ದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಹೋಗಿ, ಯಾಕೋ ಹಣೆಗೆ ಇಟ್ಟುಕೊಂಡ.

ಈಗಷ್ಟೇ ಎಸ್ಸೈ ಫೋನು. ಕಾವಲ್‌ನಲ್ಲಿ ಕುರಿ ಮೇಯಿಸುವವನೊಬ್ಬ ಬಿಟ್ಟರೆ ನರಪಿಳ್ಳೆ ಇಲ್ಲವಂತೆ. "ಇವತ್ತೇನೋ ಆಯ್ತು ಮೇಡಂ. ನಾಳೆ?"

ನಾಳೆಗೆ ನಾಳೆ ಇದೆ. ಒಂದು ದಿನ ತಣ್ಣಗಾದ ಸಿಟ್ಟು ತಂಗಳು ಅನ್ನ, ಬಿಸಿ ಮಾಡಿದರೂ ಮೊದಲಿನ ರುಚಿ ಇಲ್ಲ. ಹೀಗೆ ಎಸ್ಸೈಗೆ ಧೈರ್ಯವಾಗಿ ಹೇಳಿದೆ. ನಿದ್ದೆ ಬರುತ್ತೋ ಇಲ್ಲವೋ ನೋಡಬೇಕು.

ಬುಧವಾರ, 12 ಅಕ್ಟೋಬರ್. ವಿಜಯದಶಮಿ.

ಬೆಳಿಗ್ಗೆ ನಾವು ಹೋಗುವ ಮೊದಲೇ ಎಲ್ಲರೂ ಬಾಗಿಲಲ್ಲಿ. ಅತ್ತೆ ಮರುಪೂಜೆ ಮಾಡಿದರು. ಎತ್ತಿದ ಮೇಲೆ ಮೊದಲು ಕಸುಬಿನ ಕೆಲಸ ಮಾಡಬೇಕು, ಆಮೇಲೆ ಬೇರೆಯದು ಅಂದರು. ಇದು ನಿಜಕ್ಕೂ ಪದ್ಧತಿಯೋ ಅಥವಾ ಅತ್ತೆ ಅಲ್ಲೇ ಹುಟ್ಟಿಸಿದ್ದೋ, ನಾನು ಕೇಳಲಿಲ್ಲ.

ಎಸ್ಸೈ ಒಬ್ಬೊಬ್ಬರದೂ ಎತ್ತಿ ಕೊಟ್ಟರು. ಬೋರೇಶನಿಗೆ ಹೋಲ್ಡರ್ ಕೊಟ್ಟು ಗೋಣಿಯ ಕಟ್ಟನ್ನು ಎತ್ತಿ ಹಿಡಿದರು. "ಇದು ಯಾವ ಕಸುಬಿಂದಪ್ಪಾ?" ಬೋರೇಶ ತಲೆ ಕೆಳಗೆ ಹಾಕಿದ. ಕಟ್ಟು ಜೀಪಿಗೆ ಹೋಯಿತು.

ಗಂಗರಾಜು ಸೈಕಲ್ಲಿನಲ್ಲಿ ಎಳನೀರು ಗೊನೆ ತಂದಿದ್ದ. ಮಚ್ಚು ತಗೊಂಡ. ಮೊದಲನೆಯದು ಕೆತ್ತಿ ಅತ್ತೆಗೆ. ಎರಡನೆಯದು ತಾಯಿಗೆ. ಆಮೇಲೆ ಸಾಲಾಗಿ ಎಲ್ಲರಿಗೂ. ರವೀಶ ಮಾತ್ರ ಬೇಡ ಅಂದು ಗೋಡೆಗೊರಗಿ ನಿಂತ. ಕೊನೆಗೆ ಬೋರೇಶ ಉಳಿದ. ಎದುರಿಗೆ ಮಚ್ಚು ಹಿಡಿದ ಗಂಗರಾಜು. ಎಲ್ಲರೂ ಎಳನೀರು ಹಿಡಿದುಕೊಂಡೇ ನಿಂತರು.

ಗಂಗರಾಜು ಗೊನೆಯಿಂದ ಒಂದು ಕಾಯಿ ಕಿತ್ತ. "ಬರೀ ನೀರಾ, ಗಂಜಿ ಇರೋದಾ?"

ಬಸ್‌ಸ್ಟ್ಯಾಂಡಿನಲ್ಲಿ ಗಿರಾಕಿಗೆ ಕೇಳುವ ಅದೇ ಮಾತು. ಬೋರೇಶ ಮಚ್ಚನ್ನೇ ನೋಡುತ್ತಿದ್ದ.

"ಹೇಳ್ಲಾ. ನೀರಾ, ಗಂಜಿನಾ?"

"ಯಾವುದಾದ್ರೂ ಕೊಡ್ಲಾ…"

"ಇದ್ನ ಕುಡುದ್ಬುಟ್ಟು ನಾಳೆಯಿಂದ ನಮ್ಮಣ್ಣನ ಟೆಂಪೋ ಲೋಡಿಗೆ ಬಾ. ಅವ್ನ ಕೈ ಸರಿ ಹೋಗೋಗಂಟ ನಾನು ಓಡಿಸ್ತೀನಿ, ನೀನು ಲೋಡು ಹೊರ್ಬೇಕು. ಕೇಸು ಕೇಸೇ. ಅದನ್ನ ವಾಪಸ್ ತಗೊಳಾಕಿಲ್ಲ."

ಬೋರೇಶ ತಲೆ ಆಡಿಸಿದ. ಗಂಗರಾಜು ಮಚ್ಚು ಬೀಸಿದ, ಮೂರೇಟಿಗೆ ಕಾಯಿ ಬಾಯಿ ಬಿಟ್ಟಿತು. ಕೊಟ್ಟ. ಬೋರೇಶ ಅದನ್ನು ಕುಡಿಯಲಿಲ್ಲ. ಎರಡು ಕೈಯಲ್ಲೂ ಹಿಡಿದುಕೊಂಡು ರವೀಶನ ಮುಂದೆ ಹೋಗಿ ನಿಂತ. ಅವನ ಬ್ಯಾಂಡೇಜ್ ಕೈಗೆ ಕೊಡಲಾಗದೆ, ಕಾಯಿಯನ್ನು ಅವನ ಬಾಯಿಯ ಹತ್ತಿರ ಹಿಡಿದ. ನೀರು ರವೀಶನ ಅಂಗಿಯ ಮೇಲೆ ಚೆಲ್ಲಿತು.

ರವೀಶ ಅವನ ಮುಖ ನೋಡಿದ. ಆಮೇಲೆ ಕಾಯಿ ನೋಡಿದ.

"ಸ್ಟ್ರಾ ಇಲ್ವೇನ್ಲಾ?" ಅಂದ.

ಸ್ಟ್ರಾ ತರಲು ನಾನೇ ಓಡಿದೆ. ಇಷ್ಟು ಭಾನುವಾರ ನಾಲಿಗೆ ಒಣಗುವವರೆಗೆ ಮಾತಾಡಿದವಳು ನಾನು. ಎದುರಿನ ಅಂಗಡಿಯವನು "ಏನ್ ಬೇಕು ಮೇಡಂ" ಅಂತ ಕೇಳುತ್ತಲೇ ಇದ್ದ, ಒಂದು ಸ್ಟ್ರಾ ಕೊಡಿ ಅನ್ನಲು ನನಗೆ ಬಾಯೇ ಬರಲಿಲ್ಲ, ಸ್ಟ್ರಾ ಡಬ್ಬಿಯತ್ತ ಬೆರಳು ತೋರಿಸಿದೆ.