ಬಾರು ಹಿಡಿದವಳು

ಜಿಂಡಬೈನ್
ಸೆಪ್ಟೆಂಬರ್ 24

ಪ್ರೀತಿಯ ಐಲ್ಸಾ,

ನಿನ್ನ ಎರಡು ಕಾಗದಗಳೂ ಫ್ರಿಜ್ಜಿನ ಬಾಗಿಲ ಮೇಲೆ ನನ್ನನ್ನು ದುರುಗುಟ್ಟಿ ನೋಡುತ್ತಿವೆ. ಜೂನ್‌ನಿಂದ ಒಂದು ಸಾಲೂ ಬರೆದಿಲ್ಲ, ಬೈಯುವಷ್ಟು ಬೈದುಬಿಡು. ನಿನ್ನ ಮಂಡಿನೋವು ಹೇಗಿದೆ? ನಿಮ್ಮ ಬರ್ನಿಯಲ್ಲಿ ಈ ಸಲ ಮಳೆ ಬಿಡುವೇ ಕೊಟ್ಟಿಲ್ಲ ಎಂದು ರೇಡಿಯೋದಲ್ಲಿ ಕೇಳಿದೆ. ನಾನು ಚೆನ್ನಾಗಿದ್ದೇನೆ. ಕ್ಲೆಮ್ ನನಗಿಂತ ಚೆನ್ನಾಗಿದ್ದ. ನನ್ನ ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಹೇಳುತ್ತೇನೆ ಕೇಳು. ಹೊಲದಲ್ಲಿ ಬೈಕು ಮಗುಚಿ ಅವನ ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿ ಹನ್ನೊಂದು ವರ್ಷವಾಯಿತಲ್ಲ. ಅಷ್ಟೂ ವರ್ಷ ಅವನನ್ನು ಎತ್ತಿದ್ದು, ಕೂರಿಸಿದ್ದು, ಕಾಲಿಗೆ ಸಾಕ್ಸ್ ಏರಿಸಿದ್ದು, ಬೆನ್ನು ಹುಣ್ಣಾಗದ ಹಾಗೆ ಹೊರಳಿಸಿದ್ದು ನಾನು. ನಗಿಸುವುದೊಂದು ನನ್ನ ಕೈಲಾಗಲಿಲ್ಲ. ಕಳೆದ ಚಳಿಗಾಲ ಆಸ್ಪತ್ರೆಯವರು ಬಲವಂತ ಮಾಡಿ ಅವನನ್ನು ಬೆಟ್ಟದ ಮೇಲೆ ಅಂಗವಿಕಲರಿಗಾಗಿ ನಡೆಸುವ ಸ್ಕೀ ತರಬೇತಿಗೆ ಕಳಿಸಿದರು. ಅಲ್ಲಿ ಟೆಗನ್ ಎಂಬ ತರಬೇತುದಾರಳು ಮೊದಲ ದಿನವೇ ಅವನನ್ನು ಕುರ್ಚಿ-ಸ್ಕೀಗೆ ಬಿಗಿದು ಹಿಮದ ಇಳಿಜಾರಿಗೆ ಇಳಿಸಿದಳು. ಒಂದೇ ಹಲಗೆಯ ಮೇಲೆ ತೊಟ್ಟಿಲಂಥ ಆಸನ, ಅಷ್ಟೇ. ಕ್ಲೆಮ್ ಗಟ್ಟಿಯಾಗಿ ನಕ್ಕ. ಕೆಳಗೆ ಕ್ಯಾಂಟೀನಿನ ಕಿಟಕಿಯ ಬಳಿ ಚಹಾ ಹಿಡಿದು ಕೂತಿದ್ದ ನನಗೂ ಕೇಳಿಸಿತು. ಪಕ್ಕದಲ್ಲಿದ್ದ ಹೆಂಗಸು, ಯಾರ ಗಂಡನೋ, ಎಷ್ಟು ಖುಷಿಯಾಗಿದ್ದಾನೆ ಎಂದಳು. ನನ್ನ ಗಂಡ ಎನ್ನಲು ನಾಲಿಗೆ ಏಳಲಿಲ್ಲ.

ಅವತ್ತಿನಿಂದ ಮನೆಯಲ್ಲಿ ಬರೀ ಟೆಗನ್ ಹಾಗಂದಳು, ಟೆಗನ್ ಹೀಗಂದಳು. ಮೂವತ್ತೈದು ವರ್ಷದಿಂದ ನಾನು ಮಾಡುವ ಕುರಿಮಾಂಸದ ಸಾರು ತಿನ್ನುತ್ತಾ, ಟೆಗನ್ ಇದಕ್ಕೆ ಕಾಳುಮೆಣಸು ಜಾಸ್ತಿ ಹಾಕುತ್ತಾಳಂತೆ ಎಂದ. ತಟ್ಟೆ ಎತ್ತಿಕೊಂಡು ಹೋಗಿ ನಾಯಿಗೆ ಸುರಿದುಬಿಟ್ಟೆ. ಅವಳಿಗೆ ಮೂವತ್ನಾಲ್ಕು ವರ್ಷ, ಗಂಡ ಇದ್ದಾನೆ, ಇಬ್ಬರು ಮಕ್ಕಳಿದ್ದಾರೆ, ಕ್ಲೆಮ್‌ನನ್ನು ತಾತ ಎಂದು ಕರೆಯುತ್ತಾಳೆ. ಅಂಥದ್ದೇನೂ ಇಲ್ಲವೆಂದು ನನಗೂ ಗೊತ್ತು. ಆದರೂ ಹೊಟ್ಟೆ ಉರಿಯಿತು ಕಣೇ. ಅಂಥದ್ದೇನಾದರೂ ಇದ್ದಿದ್ದರೆ ಬೀದಿಯಲ್ಲಿ ನಿಂತು ಜಗಳವಾಡಬಹುದಿತ್ತು. ಗಂಡ ನಕ್ಕ ಎಂದು ಯಾರ ಮೇಲೆ ಜಗಳಕ್ಕೆ ಹೋಗಲಿ?

ಅವಳು ಮಾಡುವುದಾದರೂ ಏನು ಗೊತ್ತೇ? ಕುರ್ಚಿಯ ಬೆನ್ನಿಗೆ ಎರಡು ಉದ್ದನೆಯ ಬಾರುಗಳಿರುತ್ತವೆ. ಅವನ್ನು ಹಿಡಿದುಕೊಂಡು ಅವನ ಹಿಂದೆ ಸ್ಕೀ ಮಾಡುತ್ತಾ ಬರುವುದು. ಹನ್ನೊಂದು ವರ್ಷ ಗಾಲಿಕುರ್ಚಿ ತಳ್ಳಿದವಳಿಗೆ ಇದೇನು ಮಹಾ ಎಂದುಕೊಂಡೆ. ನಾವಿಬ್ಬರೂ ಹುಡುಗಿಯರಾಗಿದ್ದಾಗ ಇದೇ ಬೆಟ್ಟದಲ್ಲಿ ಜಾರಿದವರಲ್ಲವೇ? ಜೂನ್ ಕೊನೆಗೆ, ಈ ಸಲದ ಹಿಮ ಬಿದ್ದ ಕೂಡಲೇ, ಸ್ವಯಂಸೇವಕರ ತರಬೇತಿಗೆ ಹೆಸರು ಕೊಟ್ಟೆ. ನಿನಗೆ ಬರೆಯದೆ ಇದ್ದದ್ದೂ ಅದಕ್ಕೇ, ಅರವತ್ತೆರಡಕ್ಕೆ ಈ ಹುಚ್ಚು ಯಾಕೆ ಎಂದು ನೀನು ಕೇಳುತ್ತಿದ್ದೆ. ಕುರ್ಚಿಯಲ್ಲಿ ಮರಳುಚೀಲ ಕಟ್ಟಿ ವಾರಗಟ್ಟಲೆ ನನ್ನ ಕೈಲಿ ಇಳಿಸಿದರು. ಕಲಿಸಿದವಳು ಅದೇ ಟೆಗನ್.

"ಬಾರು ಯಾವಾಗ್ಲೂ ಜೋತುಬಿದ್ದಿರ್ಬೇಕು ನೋಲೀನಮ್ಮ," ಎಂದಳು. "ಅಪಾಯ ಬಂದ್ರೆ ಮಾತ್ರ ಎಳೀಬೇಕು. ಹಿಂದೆ ಒಬ್ರಿದಾರೆ ಅನ್ನೋದೇ ಕೂತೋರಿಗೆ ಮರೆತುಹೋಗ್ಬೇಕು."

ಮರೆಸಿಕೊಳ್ಳುವುದನ್ನೂ ಕಲಿಯಬೇಕಂತೆ. ಕಲಿತೆ, ಪಾಸೂ ಆದೆ.

ಕ್ಲೆಮ್‌ಗೆ ಒಂದೇ ಆಸೆ ಇತ್ತು, ಬಾರಿಲ್ಲದೆ ಒಬ್ಬನೇ ಇಳಿಯಬೇಕು. ಅದಕ್ಕೊಂದು ಪರೀಕ್ಷೆ. ಮೇಲಿನಿಂದ ಕೆಳಗಿನವರೆಗೆ ಬಾರು ಒಮ್ಮೆಯೂ ಬಿಗಿಯಾಗಬಾರದು. ಬಿಗಿಯಾಗದೆ ಕೆಳಗೆ ಮುಟ್ಟಿದರೆ ಹಿಂದೆ ಬಂದವರೇ ಅಲ್ಲೇ ಬಾರು ಬಿಚ್ಚಿ ಕೂತವರ ಕೈಗೆ ಕೊಡುತ್ತಾರೆ. ಒಮ್ಮೆ ಎಳೆಯಬೇಕಾಗಿ ಬಂದರೂ ಮತ್ತೆ ಪರೀಕ್ಷೆ ಮುಂದಿನ ವರ್ಷವೇ. ಮುಂದಿನ ವರ್ಷ ಎನ್ನುವುದು ಅವನಿಗೆ ಇಲ್ಲ ಐಲ್ಸಾ. ಎಡಭುಜ ಸವೆದುಹೋಗಿದೆ, ಇದೇ ಕೊನೆಯ ಚಳಿಗಾಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಶನಿವಾರದ್ದು ಈ ಸಲದ ಕೊನೆಯ ಪರೀಕ್ಷೆ. ಟೆಗನ್ನೇ ಬಾರು ಹಿಡಿಯುತ್ತಾಳೆ ಎಂದುಕೊಂಡು ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಶುಕ್ರವಾರ ಸಂಜೆ ಕ್ಲೆಮ್ ಟೀವಿಯಿಂದ ಕಣ್ಣು ತೆಗೆಯದೆ, "ನಾಳೆ ನೀನೇ ಹಿಡ್ಕೋ" ಎಂದ. ನನಗೆ ಆದ ಸಂತೋಷ ಏನೆಂದು ಬರೆಯಲಿ! ಸ್ವಯಂಸೇವಕರ ಕಿತ್ತಲೆ ಬಣ್ಣದ ಅಂಗಿಗೆ ಇಸ್ತ್ರಿ ಹಾಕಿದೆ.

ಎಷ್ಟು ಚೆನ್ನಾಗಿ ಇಳಿದ ಗೊತ್ತೇ? ಒಂದು ತಿರುವು, ಎರಡು, ಐದು. ಬಾರು ಜೋತುಬಿದ್ದೇ ಇತ್ತು. ಟೆಗನ್ ಕೆಳಗೆ ಪರೀಕ್ಷೆಯ ಕಾಗದ ಹಿಡಿದು ನಿಂತಿದ್ದಳು. ಇನ್ನು ಐವತ್ತು ಮೀಟರ್ ಇದೆ ಅನ್ನುವಾಗ ಅವನು ಕೈ ಎತ್ತಿ, "ಟೆಗನ್, ನೋಡು ಬಾ" ಎಂದು ಕೂಗಿದ. ಅಷ್ಟರಲ್ಲಿ ಆಯ ತಪ್ಪಿತು, ಬಾರು ಬಿಗಿಯಾಯಿತು, ಎಡಕ್ಕೆ ಉರುಳಿಬಿದ್ದ. ಮೂಗು ತರಚಿದ್ದು ಬಿಟ್ಟರೆ ಪೆಟ್ಟೇನೂ ಆಗಲಿಲ್ಲ. ಬಾರು ಯಾಕೆ ಬಿಗಿಯಾಯಿತು ಎಂದು ಬರೆದುಕೊಡಬೇಕಿತ್ತು, ಬರೆದುಕೊಟ್ಟೆ. ಕ್ಲೆಮ್ ಮನೆಗೆ ಬಂದು ಹೆಲ್ಮೆಟ್ಟನ್ನು ಶೆಡ್ಡಿನಲ್ಲಿ ಇಡಲು ಹೇಳಿದ. ಸಾರು ಚೆನ್ನಾಗಿದೆ ಎಂದ. ನಗುವುದು ನಿಂತಿದೆ.

ಸೋಮವಾರ ಟೆಗನ್ ಮನೆಗೆ ಬಂದಿದ್ದಳು, ತಾನೇ ಮಾಡಿದ ಲ್ಯಾಮಿಂಗ್ಟನ್ ಕೇಕಿನ ಡಬ್ಬಿ ಹಿಡಿದುಕೊಂಡು. ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಪಾತ್ರೆ ಒರೆಸುತ್ತಾ ಮೆಲ್ಲಗೆ ಹೇಳಿದಳು.

"ನಾನೇ ಹಿಡೀತೀನಿ ಅಂದಿದ್ದೆ, ತಾತ ಒಪ್ಲಿಲ್ಲ. ಬಾರು ಬಿಚ್ಚೋದು ನೋಲೀನೇ ಬಿಚ್ಚಬೇಕು, ಹನ್ನೊಂದು ವರ್ಷದಿಂದ ಅವಳ ಕೈಗೆ ಬಿಡುವೇ ಇಲ್ಲ ಅಂದ್ರು."

ನಾನು ನಲ್ಲಿ ಜೋರಾಗಿ ಬಿಟ್ಟು ತೊಟ್ಟಿಯ ಮೇಲೆ ಬಗ್ಗಿದೆ, ಅವಳಿಗೆ ನನ್ನ ಮುಖ ಕಾಣಬಾರದೆಂದು.

ಸಾಕು, ಕೈ ನೋಯುತ್ತಿದೆ. ನಿನ್ನ ಮಂಡಿ ಬೇಗ ನೆಟ್ಟಗಾಗಲಿ, ನಿನ್ನ ಮನೆ ಬೆಚ್ಚಗಿರಲಿ, ಮೊಮ್ಮಗಳು ನೂರು ವರ್ಷ ಬಾಳಲಿ. ಕ್ಲೆಮ್ ನೆನೆಸಿಕೊಂಡಿದ್ದಾನೆ.

ನಿನ್ನ
ನೋಲೀನ್

ಮರೆತ ಮಾತು: ಮರೆತದ್ದಲ್ಲ. ಅವನ ಆಯ ತಪ್ಪಲಿಲ್ಲ ಐಲ್ಸಾ. ಅವಳ ಹೆಸರು ಕೂಗಿದ, ನಾನು ಎಡಗೈಯ ಬಾರು ಎಳೆದೆ. ಕೈ ತಾನಾಗಿ ಎಳೆಯಿತು ಎಂದು ಬರೆಯೋಣವೆಂದಿದ್ದೆ, ಅದೂ ಸುಳ್ಳು. ಬಾರು ಎಳೆದದ್ದು ಕೂತವನ ಬೆನ್ನಿಗೆ ಗೊತ್ತಾಗುತ್ತದೆ. ಹಿಮದಲ್ಲಿ ಬಿದ್ದಲ್ಲಿಂದಲೇ ಅವನು ಕತ್ತು ತಿರುಗಿಸಿ ನನ್ನ ಮುಖ ನೋಡಿದ. ಟೆಗನ್ ಓಡಿಬಂದು ಏನಾಯಿತು ಎಂದಾಗ, ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ: "ನಂದೇ ತಪ್ಪು, ಎಡಕ್ಕೆ ಜಾಸ್ತಿ ವಾಲಿಬಿಟ್ಟೆ." ಅವನು ಹೇಳಿದ್ದನ್ನೇ ಕಾಗದದಲ್ಲಿ ಬರೆದು ನಾನು ಸಹಿ ಹಾಕಿದೆ.