ಎಣ್ಣೆ ಕರಗಿಸದ ದಿನ

ಜನವರಿ ೨೧

ಪ್ರೀತಿಯ ಸೂಜಿ,

‘ತೊಳೆದ ನೀರಿಗೆ ಎಲ್ಲವೂ ಗೊತ್ತು.’ ನೀನು ಹಾಸ್ಟೆಲಿನಲ್ಲಿ ಬರೆದ ಪದ್ಯ ಹೀಗೇ ಅಲ್ಲವೇನೇ ಶುರುವಾಗುತ್ತಿದ್ದದ್ದು? ಎರಡನೆಯ ಸಾಲು ಎಷ್ಟು ತಡಕಾಡಿದರೂ ಸಿಗುತ್ತಿಲ್ಲ. ‘ಹೇಳಲು ಬಾಯಿಲ್ಲ’ ಎಂದಿತ್ತೋ, ‘ಹೇಳುವ ಮನಸ್ಸಿಲ್ಲ’ ಎಂದಿತ್ತೋ. ಆಗ ನಾವೆಲ್ಲ ತಲೆದೂಗಿದ್ದೆವು. ಈಗ ಆ ಸಾಲಿನ ಮೇಲೇ ನನಗೆ ಅನುಮಾನ. ಗೊತ್ತಿದ್ದು ಆ ನೀರು ಮಾಡಿದ್ದೇನು? ಮೋರಿಗೆ ಹೋಯಿತು, ಅಷ್ಟೆ.

ನಿನ್ನ ಪತ್ರಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ, ಬೈದುಕೋ. ಫೋನು ಮಾಡಬಹುದಿತ್ತು. ಆದರೆ ನಿನ್ನ ಯಜಮಾನರು ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತು, ನನ್ನ ಮಾತಿಗೆ ನಿನಗಿಂತ ಮೊದಲು ಹೂಂಗುಟ್ಟುತ್ತಾರೆ. ಇದನ್ನು ನೀನೊಬ್ಬಳೇ ಓದು. ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡಾದರೂ ಓದು.

ಇಲ್ಲಿ ನಾವು ಹೇಗೋ ಇದ್ದೇವೆ. ಒಣಗಲು ಹಾಕಿದ್ದ ಟೊಮೇಟೊಗೆಲ್ಲ ಬೂಷ್ಟು ಹಿಡಿಯಿತು. ಆಸ್ಪತ್ರೆಗೆ ಹೋಗಿಬರುವುದರಲ್ಲಿ ತಿರುವಿಹಾಕಲು ಆಗಲಿಲ್ಲ. ಕಿತ್ತಳೆ ಮುಗಿಯುತ್ತ ಬಂದರೂ ಈ ವರ್ಷ ಮುರಬ್ಬ ಮಾಡುವ ಮನಸ್ಸಿಲ್ಲ.

ನಿನ್ನ ಮಗಳಿಗೆ ಜ್ವರ ಇಳಿದಿದೆ. ಗಂಜಿ ಕುಡಿಯುತ್ತಾಳೆ. ಬೋರಲಾಗಿಯೇ ಮಲಗಬೇಕು, ಹಾಗಾಗಿ ಚಮಚದಲ್ಲಿ ಕುಡಿಸುತ್ತೇನೆ. ‘ಸೋಪು ಮಾಡುವಾಗ ಕಾಸ್ಟಿಕ್ ನೀರು ಸಿಡಿಯಿತು ಅಂತ ಅಳಿಯ ಹೇಳಿದ, ನಿಜವೇ?’ ಎಂದು ಕೇಳಿದ್ದೀಯ. ಸೋಪು ಕಲಿಸಿದವಳು ನಾನು. ನಾನೇ ಹೇಳುತ್ತೇನೆ, ಕೇಳು.

ಅವಳು ಮದುವೆಯಾಗಿ ನಮ್ಮ ಬೀದಿಗೆ ಬಂದ ಹೊಸದರಲ್ಲಿ ಮಧ್ಯಾಹ್ನಗಳಲ್ಲಿ ನನ್ನ ಅಡುಗೆಮನೆಗೆ ಬರುತ್ತಿದ್ದಳು. ‘ಚಿಕ್ಕಮ್ಮ, ಸುಮ್ನೆ ಕೂತ್ರೆ ತಲೆ ಕೆಡುತ್ತೆ, ಏನಾದ್ರೂ ಕೆಲಸ ಕೊಡಿ’ ಎನ್ನುತ್ತಿದ್ದಳು. ಹಾಗೆ ಸೋಪು ಕಲಿಸಿದೆ. ಮೊದಲು ಎಣ್ಣೆ ತೂಗಿ ಕರಗಿಸಬೇಕು. ಆಮೇಲೆ, ಕಿಟಕಿ ತೆರೆದು, ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಬೇಕು. ನೀರನ್ನು ಸೋಡಾದ ಮೇಲೆ ಸುರಿಯಬಾರದು. ಇದನ್ನು ಅವಳು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳು. ತನ್ನ ಅಪ್ಪನ ಹಳೆಯ ತುಂಬುತೋಳಿನ ಅಂಗಿ, ಕನ್ನಡಕ, ಕೈಗವಸು ಹಾಕಿಕೊಳ್ಳದೆ ಡಬ್ಬಿ ಮುಟ್ಟುತ್ತಿರಲಿಲ್ಲ. ‘ನೋಡಿ ಚಿಕ್ಕಮ್ಮ, ಕಳ್ಳನ ಥರ ಕಾಣ್ತೀನಿ’ ಎಂದು ನಗುತ್ತಿದ್ದಳು. ಕೈ ಕುದುರಿದ ಮೇಲೆ ತನ್ನ ಮನೆಯಲ್ಲೇ ಮಾಡತೊಡಗಿದಳು.

ಆ ನೀರು ಸಿಡಿಯುವುದು ನನಗೆ ಗೊತ್ತು. ಮಣಿಕಟ್ಟಿನ ಮೇಲೆ, ಪಾದದ ಮೇಲೆ ಹನಿಹನಿಯಾಗಿ ಬೀಳುತ್ತದೆ. ನನ್ನ ಎಡಗೈಯಲ್ಲಿ ಎರಡು ಕಲೆಗಳಿವೆ. ನಿನ್ನ ಮಗಳ ಕೈಯಲ್ಲಿ ಒಂದು ಚುಕ್ಕೆಯೂ ಇಲ್ಲ ಕಣೇ. ಸುಟ್ಟಿರುವುದು ಕತ್ತಿನ ಹಿಂದೆ. ಅಲ್ಲಿಂದ ಬೆನ್ನಿನ ಮೇಲೆ ಇಳಿದಿದೆ.

ಸುದ್ದಿ ಕೇಳಿ ಓಡಿದಾಗ ಅವಳ ಅಡುಗೆಮನೆಯನ್ನು ನೋಡಿದೆ. ಮೇಜಿನ ತುಂಬ ಅರ್ಧ ಸುಲಿದ ಕಿತ್ತಳೆ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿ ಡಬ್ಬಿಯಲ್ಲೇ ಕೂತಿತ್ತು, ಮುಚ್ಚಳ ತೆಗೆದಿರಲಿಲ್ಲ. ಅಪ್ಪನ ಅಂಗಿ ಮೊಳೆಯಲ್ಲಿ ನೇತಾಡುತ್ತಿತ್ತು. ಆವತ್ತು ಆ ಮನೆಯಲ್ಲಿ ಯಾರೂ ಸೋಪು ಮಾಡುತ್ತಿರಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ನಿನ್ನ ಬೀಗಿತ್ತಿ, ‘ನಮ್ ಸೊಸೆ ಕೈ ಸುಮ್ನಿರಲ್ಲ ಕಣ್ರೀ. ಅಂಗಡೀಲಿ ಸೋಪು ಸಿಗಲ್ವಾ?’ ಎಂದರು.

‘ಪಾತ್ರೆ ಮುಂದೆ ನಿಂತವಳ ಬೆನ್ನಿಗೆ ಹೇಗೆ ಸಿಡೀತು?’ ಎಂದು ಕೇಳಿದೆ.

‘ನೀವು ಎಂ.ಎ. ಓದಿದೋರಪ್ಪ, ನಿಮ್ ಹತ್ರ ಮಾತಾಡಿ ಗೆಲ್ಲಕ್ಕಾಗುತ್ತಾ?’ ಎಂದು ಎದ್ದುಹೋದರು. ಅಳಿಯ ಗೋಡೆಗೊರಗಿ ಮೊಬೈಲು ನೋಡುತ್ತ ನಿಂತಿದ್ದ. ತಲೆಯೆತ್ತಲಿಲ್ಲ.

ಬೆನ್ನು ಸುಡುವುದಕ್ಕೆ ಸ್ವಲ್ಪ ದಿನ ಮೊದಲು ನಿನ್ನ ಮಗಳು ನನ್ನನ್ನು ಒಂದು ಮಾತು ಕೇಳಿದ್ದಳು. ‘ನಿಮ್ಮ ಹಿಂದಿನ ಕೋಣೆ ಕೊಡ್ತೀರಾ ಚಿಕ್ಕಮ್ಮ? ಸೋಪೂ ಅಲ್ಲೇ ಮಾಡ್ತೀನಿ, ನಾನೂ ಅಲ್ಲೇ ಇರ್ತೀನಿ.’ ಯಾಕೆಂದು ಕೇಳದೆ ಹೂಂ ಎಂದಿದ್ದೆ. ಅದನ್ನು ಅವಳು ಮನೆಯಲ್ಲಿ ಹೇಳಿದ್ದಾಳೆ.

ನಿನ್ನೆ ಗಂಜಿ ಕುಡಿಸುವಾಗ ದಿಂಬಿಗೆ ಮುಖ ಒತ್ತಿಕೊಂಡೇ ಹೇಳಿದಳು: ‘ಹಿಂದಿಂದ ಹೆಜ್ಜೆ ಸದ್ದು ಕೇಳಿಸ್ತು. ನಮ್ಮನೆಯವರೇ ಅಂತ ಗೊತ್ತಿತ್ತು, ಅದಕ್ಕೇ ತಿರುಗಲಿಲ್ಲ.’ ನಾನು ಚಮಚ ಕೆಳಗಿಟ್ಟೆ. ಬಾಯಿ ಒರೆಸಲು ಬಗ್ಗಿದಾಗ ಕೇಳಿದಳು:

‘ಅಮ್ಮ ಬರ್ತಾಳಾ?’

‘ಬಂದೇ ಬರ್ತಾಳೆ.’

‘ಅಪ್ಪ ಬೇಡ ಅಂದ್ರೂ?’

ಏನು ಹೇಳಲಿ, ಸೂಜಿ? ಮೊನಚು ಎಂದು ತಾನೇ ನಾವು ನಿನಗೆ ಆ ಹೆಸರಿಟ್ಟದ್ದು. ‘ಹೂಂ’ ಎಂದುಬಿಟ್ಟೆ.

ಶುಕ್ರವಾರ ಅವಳನ್ನು ಆಸ್ಪತ್ರೆಯಿಂದ ಬಿಡುತ್ತಾರೆ. ಗಂಡ ಬಂದು ಕರೆದುಕೊಂಡು ಹೋಗುತ್ತಾನಂತೆ. ನಾನು ಯಾರು ತಡೆಯುವುದಕ್ಕೆ? ಹೆತ್ತವಳು ಬಂದು ನಿಂತು ‘ನನ್ನ ಮಗಳು ಆ ಮನೆಗೆ ಹೋಗೋದಿಲ್ಲ’ ಎನ್ನಬೇಕು. ಹಿಂದಿನ ಕೋಣೆ ಗುಡಿಸಿಟ್ಟಿದ್ದೇನೆ. ಎರಡು ಹಾಸಿಗೆ ಹಾಕಿದ್ದೇನೆ.

ನಿನ್ನ ಕಾಲಿಗೆ ಬಲ ಬರಲಿ, ನಾಲಿಗೆಗೂ ಬರಲಿ. ಮಗುವಿನ ಬೆನ್ನು ಬೇಗ ಮಾಯಲಿ.

ಇಂತು ನಿನ್ನ,
ದಾರ

ತಾ.ಕ.: ಪತ್ರ ಮಡಿಚುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ನಿನ್ನ ಮಗಳ ಪಕ್ಕದ ಮನೆಯ ಟೈಲರಮ್ಮ. ನಡುವೆ ಒಂದೇ ಗೋಡೆ. ಆವತ್ತಿನ ಕೂಗು ಕೇಳಿ ಮೊದಲು ಓಡಿ ಬಂದು ನೀರು ಸುರಿದವಳು ಅವಳೇ. ಒಳಗೆ ಕರೆದರೂ ಬರಲಿಲ್ಲ. ಅವಳಂದದ್ದು ಸುಳ್ಳಾಗಿದ್ದರೆ ಶುಕ್ರವಾರದೊಳಗೆ ಬಂದುಬಿಡು. ನಿಜವಾಗಿದ್ದರೆ ಈ ಪತ್ರ ಹರಿದುಹಾಕು, ಆದರೆ ನಾನು ಕಂಡದ್ದನ್ನು ಕಂಡೆನೆಂದೇ ಹೇಳುತ್ತೇನೆ. ಹೊಸಿಲಾಚೆಯೇ ನಿಂತು, ಸೆರಗಿನ ತುದಿ ಸುತ್ತಿಕೊಳ್ಳುತ್ತ ಅವಳು ಹೇಳಿದಳು: ‘ಸೋಪಿಂದಲೇ ಆಯ್ತು ಅಂದ್ಬಿಡಿ ಅಕ್ಕ. ಕಲಿಸಿದೋರು ನೀವು, ನೀವಂದ್ರೆ ಎಲ್ರೂ ನಂಬ್ತಾರೆ. ನಾನೂ ಹಾಗೇ ಅಂದಿದೀನಿ. ಆ ಹುಡುಗಿ ಅಪ್ಪ ಅಮ್ಮ ಇಬ್ರೂ ಫೋನಲ್ಲಿ ಒಪ್ಕೊಂಡಾಯ್ತಂತೆ, ಇನ್ನು ನೀವೊಬ್ರೇ.’